ಅರಬೈಲು ಘಟ್ಟದಲ್ಲಿ ಕುದಿದ ನೀರು

ಹಂಡೆಯ ನೀರು ಕುದಿದರೆ ಸ್ನಾನಕ್ಕಾಯಿತು. ಲಾರಿಯ ನೀರು ಕುದಿದರೆ ಒಂದು ಮನೆಯ ಅನ್ನಕ್ಕೇ ಸಂಚಕಾರ. ಇದನ್ನು ನಾನು ಅನುಭವದಿಂದ ಬಲ್ಲೆ. ನಮ್ಮ ತಂದೆಯವರು ಇಳಕಲ್ಲಿನ ಲಾರಿ ಚಾಲಕರು. 2019ರ ಏಪ್ರಿಲ್ ತಿಂಗಳಲ್ಲಿ ಅಂಕೋಲೆಯ ಕಡೆಯಿಂದ ಹೇರು ತುಂಬಿಕೊಂಡು ಅರಬೈಲು ಘಟ್ಟವನ್ನು ಏರುತ್ತಿದ್ದಾಗ ಎಂಜಿನ್ನು ಕಾದು ಉಗಿ ಎದ್ದಿತು. ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುವಿದ ಅವರ ಬಲಗೈ ಬೆಂದಿತು. ಎರಡು ತಿಂಗಳು ಮನೆಯಲ್ಲಿ ದುಡಿಮೆಯಿಲ್ಲ. ಎಂಜಿನ್ನು ಏಕೆ ಹೀಗೆ ಕಾಯುತ್ತದೆ? ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಓದಿ, ಬಲ್ಲವರನ್ನು ಕೇಳಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಉರಿದ ಎಣ್ಣೆಯ ಶಕ್ತಿಯೆಲ್ಲವೂ ಗಾಲಿಗೆ ಮುಟ್ಟುವುದಿಲ್ಲ. ಹೆಚ್ಚಿನ ಪಾಲು ಬರಿಯ ಶಾಖವಾಗುತ್ತದೆ. ಅದರಲ್ಲಿ ಒಂದಂಶ ಹೊಗೆಯೊಡನೆ ಹೋದರೆ, ಇನ್ನೊಂದಂಶವನ್ನು ನೀರು ಹೊತ್ತೊಯ್ಯಬೇಕು. ಪಂಪು ಈ ನೀರನ್ನು ಸಿಲಿಂಡರುಗಳ ಸುತ್ತ ಹರಿಸಿ ರೇಡಿಯೇಟರಿಗೆ ಕಳುಹಿಸುತ್ತದೆ. ಅಲ್ಲಿಯ ಸಣ್ಣ ಕೊಳವೆಗಳಲ್ಲಿ ಅದು ಗಾಳಿಗೆ ಆರುತ್ತದೆ. ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 1900ರಲ್ಲಿ ಜೇನುಗೂಡಿನಂತಹ ರೇಡಿಯೇಟರನ್ನು ರೂಪಿಸಿದನು. ಇಂದಿಗೂ ತತ್ತ್ವ ಅದೇ.

ಶಾಖವು ಬಿಸಿಯಿಂದ ತಂಪಿನ ಕಡೆಗೆ ಹರಿಯುವುದಷ್ಟೆ. ರೇಡಿಯೇಟರಿನ ನೀರು 90 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಇದ್ದರೆ ಅಂತರ 60. ಬಾದಾಮಿಯ ಬಂಡೆಗಳು ಕಾದು ಗಾಳಿ 40 ಡಿಗ್ರಿಗೇರಿದರೆ ಅಂತರ 50 ಮಾತ್ರ. ಅಂದರೆ ಆರರಲ್ಲೊಂದು ಪಾಲು ತಂಪು ಹೋಯಿತು. ಘಟ್ಟದಲ್ಲಿ ಇದಕ್ಕೆ ಮತ್ತೆರಡು ಸೇರುತ್ತವೆ: ದುಡಿತ ಹೆಚ್ಚು, ಓಟ ಕಡಿಮೆಯಾದ್ದರಿಂದ ಬೀಸುವ ಗಾಳಿಯೂ ಕಡಿಮೆ.

ಆದರೆ ಅಂದು ನಿಜವಾದ ತಪ್ಪಿತಸ್ಥ ಘಟ್ಟವಾಗಿರಲಿಲ್ಲ. ಬಾಗಲಕೋಟೆಯ ಸುತ್ತಲಿನ ನೆಲ ಸುಣ್ಣಕಲ್ಲಿಗೆ ಹೆಸರಾದುದು. ಸಿಮೆಂಟು ಕಾರ್ಖಾನೆಗಳು ಇಲ್ಲಿಗೆ ಬಂದುದೂ ಅದರಿಂದಲೇ. ಇಂತಹ ನೆಲದ ಬೋರಿನ ನೀರು ಗಡಸು. ಕಾದಾಗ ಅದರ ಸುಣ್ಣ ಹಂಡೆಯೊಳಗೆ ಬಿಳಿಯ ಹೆಕ್ಕಳೆಯಾಗಿ ಕೂಡುವುದನ್ನು ನಮ್ಮ ತಾಯಂದಿರು ಬಲ್ಲರು. ಲಾರಿಯಲ್ಲಿಯೂ ಹಾಗೆಯೇ. ಹುನಗುಂದದ ದಾರಿಯಲ್ಲಿ ಸಿಕ್ಕಿದ ಬೋರಿನ ನೀರನ್ನೇ ತಂದೆಯವರು ವರ್ಷಗಟ್ಟಲೆ ಸುರಿದಿದ್ದರು. ದುರಸ್ತಿಗೆ ಬಿಚ್ಚಿದಾಗ ರೇಡಿಯೇಟರಿನ ಎಷ್ಟೋ ಕೊಳವೆಗಳು ಸುಣ್ಣಗಟ್ಟಿ ಮುಚ್ಚಿದ್ದವು. ಊರ ಬಯಲಿನಲ್ಲಿ ಹೇಗೋ ಸಾಗಿದ್ದು ಘಟ್ಟದಲ್ಲಿ ಬಯಲಾಯಿತು.

ಆದುದರಿಂದ ಮುನ್ನೆಚ್ಚರಿಕೆ ಮನೆಯಲ್ಲಿಯೇ ಆಗತಕ್ಕದ್ದು. ಗಡಸು ನೀರಿನ ಬದಲು ತಯಾರಕರು ಸೂಚಿಸಿದ ಕೂಲೆಂಟನ್ನು ಬಟ್ಟಿ ಇಳಿಸಿದ ನೀರಿನೊಡನೆ ಬೆರೆಸಿ ತುಂಬಬೇಕು. ಅದು ಬೇಗ ಕುದಿಯದು, ತುಕ್ಕನ್ನೂ ತಡೆಯುತ್ತದೆ. ಫ್ಯಾನಿನ ಬೆಲ್ಟು, ರಬ್ಬರಿನ ಕೊಳವೆಗಳನ್ನು ನೋಡಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಶಿ ಮಾಡುವುದರಿಂದ ಹಾರುವ ಹೊಟ್ಟು ರೇಡಿಯೇಟರಿನ ಸಂದುಗಳನ್ನು ಮುಚ್ಚುತ್ತದೆ, ಅದನ್ನೂ ತೆಗೆಯಬೇಕು.

ಏರಿನಲ್ಲಿ ಕೆಳಗಿನ ಗೇರಿನಲ್ಲಿ ಹೋಗುವುದು ಲೇಸು. ಮೇಲಿನ ಗೇರಿನಲ್ಲಿ ಎಂಜಿನ್ನು ಏದುಸಿರು ಬಿಡುತ್ತದೆ. ಕೆಳಗಿನ ಗೇರಿನಲ್ಲಿ ಅದು ವೇಗವಾಗಿ ತಿರುಗುವುದರಿಂದ ಪಂಪೂ ಹೆಚ್ಚು ನೀರನ್ನು ಹರಿಸುತ್ತದೆ. ಶಾಖದ ಮುಳ್ಳು ಮೇಲೇರಿದರೆ ಏಸಿ ನಿಲ್ಲಿಸಿ ಬದಿಗೆ ನಿಲ್ಲಬೇಕು. ಉಗಿ ಕಂಡರೆ ಎಂಜಿನ್ನನ್ನು ಆರಿಸಿ, ಪೂರಾ ಆರುವವರೆಗೆ ಕಾಯಬೇಕು. ಅರ್ಧ ಗಂಟೆಗಿಂತ ಹೆಚ್ಚಾದರೂ ಸರಿಯೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೀಳುವುದುಂಟು. ಇನ್ನು ಆ ಮುಚ್ಚಳ! ಕುಕ್ಕರಿನಂತೆ ಅದು ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆರೆದೊಡನೆ ಒತ್ತಡವಿಳಿದು ಥಟ್ಟನೆ ಕುದಿದು ಚಿಮ್ಮುತ್ತದೆ. ತಂದೆಯವರ ಕೈ ಬೆಂದುದು ಹೀಗೆ.

ಗೇರಿನ ಪಾಠವನ್ನು ನನಗೆ ಕಲಿಸಿದವರು ಅವರೇ. ಸುಣ್ಣದ ಸಂಗತಿಯನ್ನು ನಾನು ಅವರಿಗೆ ಓದಿ ಹೇಳಿದೆ. ಕೇಳಿ ಅವರೆಂದರು: "ಇಷ್ಟು ವರ್ಷ ಘಟ್ಟಕ್ಕ ಬೈದೆ ತಮ್ಮಾ, ತಪ್ಪು ನಮ್ಮ ನೀರಿಂದೇ ಇತ್ತು." ಇಂದು ಅವರ ಲಾರಿಯಲ್ಲಿ ಕೂಲೆಂಟಿನ ಡಬ್ಬಿ ಇರುತ್ತದೆ. ಓದಿದವರ ಅರಿವು ದುಡಿಯುವವರ ಕೈಗೆ ಮುಟ್ಟಿದರೆ ಎಷ್ಟೋ ಕೈಗಳು ಬೇಯುವುದು ತಪ್ಪೀತು.