ಆಧಾರ ರಿಜಿಸ್ಟರ್ ಆದರೆ ಸಾಲದೇ?

ಕಾಸರಗೋಡಿನ ಶಿರಿಯದಲ್ಲಿ ಮನೆ ಕೊಳ್ಳುತ್ತಿದ್ದೇವೆ. ಆಧಾರ (ಕ್ರಯಪತ್ರ) ರಿಜಿಸ್ಟರ್ ಆಗುತ್ತದಲ್ಲ, ಮತ್ತೆ ವಕೀಲರು ಯಾಕೆ? ಎಂಥವರನ್ನು ಹಿಡಿಯಬೇಕು?

ಹಿಂದಿನ ರಿಜಿಸ್ಟರ್ಡ್ ಅಂಚೆಯನ್ನು ನೆನೆಯಿರಿ. ಅಂಚೆಯವರು ರಸೀದಿ ಕೊಡುತ್ತಿದ್ದರು. ಒಳಗೆ ಬರೆದದ್ದು ನಿಜವೋ ಎಂದು ನೋಡುತ್ತಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಆಧಾರ ದಾಖಲಾಗುತ್ತದೆ, ಅಷ್ಟೆ. ಮಾರಿದವರಿಗೆ ಹಕ್ಕಿತ್ತೆಂಬ ಖಾತರಿ ಅದರಲ್ಲಿಲ್ಲ. ಆ ಹಕ್ಕು ಯಾರಿಂದ ಯಾರಿಗೆ ಬಂತೆಂದು ಹಿಂದಕ್ಕೆ ಹುಡುಕುವವರೇ ವಕೀಲರು.

ನಿಮ್ಮೂರು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳಕ್ಕೆ ಸೇರಿತು. ಹಳೆಯ ಮೂಲಗೇಣಿ (ಕಾಯಂ ಗೇಣಿ) ಚೀಟು, ಅಳಿಯಸಂತಾನ (ತಾಯಿಯ ಕಡೆಯಿಂದ ಹಕ್ಕು ಬರುವ) ಕುಟುಂಬದ ಪಾಲುಪಟ್ಟಿಗಳು ಕನ್ನಡದಲ್ಲಿ ಸಿಗುತ್ತವೆ. ಈಚಿನ ಆಧಾರಗಳು ಹೆಚ್ಚಾಗಿ ಮಲಯಾಳದಲ್ಲಿ. ಎರಡನ್ನೂ ಸ್ವತಃ ಓದಬಲ್ಲವರೇ ಬೇಕು. ಪಾಲುಪಟ್ಟಿಯಲ್ಲಿ ಒಬ್ಬ ತಂಗಿಯ ಸಹಿ ಬಿಟ್ಟುಹೋಗಿದ್ದರೂ ನಾಳೆ ಅವರ ಮಕ್ಕಳು ಪಾಲು ಕೇಳಿ ಬರಬಹುದು. ಮಾರುವವರ ವಕೀಲರನ್ನೇ ನೀವೂ ನೆಚ್ಚಬೇಡಿ. ಅಡ್ವಾನ್ಸ್ ಕೊಡುವ ಮೊದಲೇ ನಿಮ್ಮ ವಕೀಲರಿಗೆ ಕಾಗದಪತ್ರ ತೋರಿಸಿ.