ಪರದೆಯ ಬಣ್ಣಕ್ಕೂ ಬೇಕು ಪರಿಶೀಲನೆಯ ಮುದ್ರೆ

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೂ ಆ ಗೌರವ ಲಭಿಸಿತು. ಈ ಎರಡೂ ಸರಕುಗಳನ್ನು ಗ್ರಾಹಕನು ಮೊದಲು ಗುರುತಿಸುವುದು ಬಣ್ಣದಿಂದ. ಆದರೆ ವಿನ್ಯಾಸಕಾರನ ಕಂಪ್ಯೂಟರಿನಲ್ಲಿ ಕಡುಗೆಂಪಾಗಿ ಕಂಡ ಬಾಳೆ, ಪೆಟ್ಟಿಗೆಯ ಮೇಲೆ ಅಚ್ಚಾದಾಗ ಕಂದಾಗಿ ತೋರಬಹುದು. ಬೇಳೆಯ ಚಿತ್ರ ಅತಿ ಹಳದಿಯಾದರಂತೂ ಬಣ್ಣ ಬೆರೆಸಿದ ಸರಕೆಂಬ ಸಂದೇಹಕ್ಕೆ ಎಡೆಯಾದೀತು.

ದೋಷದ ಮೂಲ

ಮಾನಿಟರ್ ಕೆಂಪು, ಹಸಿರು, ನೀಲಿ ಬೆಳಕನ್ನು ಸೂಸಿ ಬಣ್ಣ ತೋರಿಸುತ್ತದೆ. ಮುದ್ರಣದಲ್ಲಿ ಸಯಾನ್, ಮೆಜೆಂಟಾ, ಹಳದಿ ಹಾಗೂ ಕಪ್ಪು ಶಾಯಿಗಳು ಬೆಳಕನ್ನು ಹೀರಿ ಬಣ್ಣ ಮೂಡಿಸುತ್ತವೆ. ಪರದೆಯ ಕೆಲವು ಉಜ್ವಲ ವರ್ಣಗಳು ಶಾಯಿಗೆ ನಿಲುಕವು. ಇದರೊಡನೆ, ಅನೇಕ ಮಾನಿಟರುಗಳು ಕಾರ್ಖಾನೆಯಿಂದಲೇ ಅತಿ ಪ್ರಕಾಶವಾಗಿ, ನೀಲಿ ಛಾಯೆಯೊಡನೆ ಬರುತ್ತವೆ. ಹಳತಾದಂತೆ ಬಣ್ಣವೂ ಬದಲಾಗುತ್ತದೆ.

ಸರಿಪಡಿಸುವ ಕ್ರಮ

ಮಾನಿಟರನ್ನು ಅರ್ಧ ಗಂಟೆ ಚಾಲನೆಯಲ್ಲಿಟ್ಟು, ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಬಿಳಿಯ ಮಟ್ಟವನ್ನು 6500 ಕೆಲ್ವಿನ್, ಗಾಮಾ 2.2, ಪ್ರಕಾಶವನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇರಿಸುವುದು ರೂಢಿ. ಬಳಿಕ ಕಲರಿಮೀಟರ್ ಎಂಬ ಸಣ್ಣ ಉಪಕರಣವನ್ನು ಪರದೆಗೆ ಒತ್ತಿಟ್ಟರೆ, ತಂತ್ರಾಂಶವು ಒಂದೊಂದೇ ಬಣ್ಣವನ್ನು ತೋರಿಸಿ, ಅಳೆದು, ವ್ಯತ್ಯಾಸವನ್ನು ಪ್ರೊಫೈಲ್ ಎಂಬ ಕಡತದಲ್ಲಿ ದಾಖಲಿಸುತ್ತದೆ. ವಿನ್ಯಾಸದ ತಂತ್ರಾಂಶವು ಈ ಕಡತವನ್ನು ನೋಡಿ ಬಣ್ಣವನ್ನು ತಿದ್ದಿ ತೋರಿಸುತ್ತದೆ. ತಿಂಗಳಿಗೊಮ್ಮೆ ಈ ಕ್ರಮವನ್ನು ಪುನರಾವರ್ತಿಸುವುದು ಲೇಸು. ಕಣ್ಣಳತೆಯಿಂದ ಈ ಕೆಲಸ ಸಾಧ್ಯವಿಲ್ಲ. ಕಣ್ಣು ಯಾವ ಬಿಳಿಗಾದರೂ ಬೇಗನೆ ಹೊಂದಿಕೊಂಡುಬಿಡುತ್ತದೆ.

ವರ್ತಕರು ಗಮನಿಸಬೇಕಾದುದು

ಸರಿಪಡಿಸಿದ ಪರದೆಯೂ ಅಂತಿಮ ಸಾಕ್ಷಿಯಲ್ಲ. ಮುದ್ರಕರಿಂದ ಅವರ ಯಂತ್ರದ ಪ್ರೊಫೈಲ್ ಪಡೆದು ವಿನ್ಯಾಸಕಾರನಿಗೆ ಒದಗಿಸಬೇಕು. ಕಾಗದದ ಪ್ರೂಫನ್ನು 5000 ಕೆಲ್ವಿನ್ ಬೆಳಕಿನಲ್ಲಿ, ನಿಜವಾದ ಬೇಳೆ ಅಥವಾ ಬಾಳೆಹಣ್ಣನ್ನು ಪಕ್ಕದಲ್ಲಿರಿಸಿ ನೋಡಿದ ನಂತರವೇ ಸಹಿ ಹಾಕಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ಒಪ್ಪಿಗೆ ನೀಡುವುದು ಸಲ್ಲದು. ಪೌಚುಗಳ ಗ್ರಾವ್ಯೂರ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಪ್ರತ್ಯೇಕ ಸಿಲಿಂಡರ್ ಕೆತ್ತಬೇಕಾದುದರಿಂದ, ಸಹಿಯಾದ ಮೇಲೆ ತಿದ್ದುವುದೆಂದರೆ ಹೊಸ ಖರ್ಚು. ಪಾರದರ್ಶಕ ಹಾಳೆಯಾದರೆ ಚಿತ್ರದ ಹಿಂದೆ ಬಿಳಿ ಶಾಯಿಯ ಪದರವಿದೆಯೇ ಎಂಬುದನ್ನೂ ವಿಚಾರಿಸಬೇಕು. ಅದಿಲ್ಲದಿದ್ದರೆ ಒಳಗಿನ ಸರಕಿನ ಬಣ್ಣ ಚಿತ್ರದೊಡನೆ ಬೆರೆಯುತ್ತದೆ.

ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ಕಲರಿಮೀಟರ್ ಕೊಳ್ಳಬೇಕಾಗಿಲ್ಲ. ತನ್ನ ವಿನ್ಯಾಸಕಾರನು ಮಾನಿಟರನ್ನು ಕೊನೆಯ ಬಾರಿ ಯಾವಾಗ ಅಳೆದನೆಂದು ಕೇಳಿದರೆ ಸಾಕು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದ ತೊಗರಿಯನ್ನು ನಮ್ಮ ಅಡತಿಯಲ್ಲಿ ಯಾರೂ ಒಪ್ಪುವುದಿಲ್ಲ. ಅಳೆಯದ ಪರದೆಯ ಬಣ್ಣವನ್ನು ನಂಬಿ ಸಾವಿರಾರು ಪೌಚುಗಳಿಗೆ ಸಹಿ ಹಾಕುವುದೂ ಅಂತಹುದೇ ವ್ಯವಹಾರ.