ಟ್ರೇಲರ್ ಹಬ್ ಬಿಸಿಯಾಗ್ತಿದ್ಯಾ? ಮೊದಲು ಕ್ಯಾಪ್ ನೋಡಿ

ಕಬ್ಬು ಸಾಗಣೆ ಶುರುವಾಗುವ ಮುಂಚೆ ಟ್ರ್ಯಾಕ್ಟರಿನ ಆಯಿಲ್, ಫಿಲ್ಟರ್, ಬ್ಯಾಟರಿ ಎಲ್ಲಾ ನೋಡ್ತೀವಿ. ಹಿಂದೆ ಕಟ್ಟುವ ಟ್ರೇಲರ್ ಮಾತ್ರ ಹೋದ ವರ್ಷ ನಿಲ್ಲಿಸಿದ ಹಾಗೇ ಹೊರಡುತ್ತೆ. ರಸ್ತೆ ಮಧ್ಯೆ ಚಕ್ರ ಕಳಚಿ ಕೂತ ಟ್ರೇಲರನ್ನು ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯವರು ನೋಡದೇ ಇರಲಿಕ್ಕಿಲ್ಲ. ಹಿಂದೆ ಬೈಕಿನವನು ಇದ್ದರೆ ಗತಿ ಏನು ಅಂತ ಹೇಳಬೇಕಾಗಿಲ್ಲ. ಚಕ್ರ ಏಕಾಏಕಿ ಕಳಚೋದು ಕಡಿಮೆ. ಬಹಳ ಸಲ ಅದಕ್ಕೆ ಎಷ್ಟೋ ದಿನ ಮುಂಚೆಯೇ ಹಬ್ ಬಿಸಿಯಾಗಿರುತ್ತೆ, ಅದಕ್ಕೂ ಮುಂಚೆ ಹಬ್ಬಿನ ಕ್ಯಾಪ್ ಜಜ್ಜಿಹೋಗಿರುತ್ತೆ ಇಲ್ಲವೇ ಎಲ್ಲೋ ಬಿದ್ದಿರುತ್ತೆ.

ಕಬ್ಬು ಬೆಳೆಯದವರಿಗೂ ಈ ಮಾತು ಬೇಕು, ಸಾವಯವ ಮಾಡುವವರಿಗಂತೂ ಇನ್ನೂ ಹೆಚ್ಚು. ಯೂರಿಯಾ ಚೀಲ ಬೈಕಿನ ಮೇಲೂ ಬರುತ್ತೆ. ತರಕಾರಿಗೆ ಎಕರೆಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರ ಹಾಕಬೇಕು ಅಂದ್ರೆ ಟ್ರೇಲರೇ ಗತಿ. ಹಸಿ ಗೊಬ್ಬರದ ರಸ ಚಕ್ರದ ಮೇಲೆ ಸೋರಿ ತುಕ್ಕು ಹಿಡಿಸೋದು ಬೇರೆ.

ಹಬ್ಬಿನ ಒಳಗೆ ಇರೋದು ಇಷ್ಟೇ: ಆಕ್ಸಲ್ ತುದಿಯ ಮೇಲೆ ಒಳಗೊಂದು, ಹೊರಗೊಂದು ಬೇರಿಂಗ್, ಅವನ್ನು ಹಿಡಿದಿಡುವ ನಟ್ಟು, ನಟ್ಟು ತಿರುಗದಂತೆ ಸ್ಪ್ಲಿಟ್ ಪಿನ್, ಒಳಬದಿಗೆ ಆಯಿಲ್ ಸೀಲ್, ಹೊರಬದಿಗೆ ಕ್ಯಾಪ್. ಮಧ್ಯೆ ಗ್ರೀಸ್. ಸೀಲ್ ಮತ್ತು ಕ್ಯಾಪ್ ಎರಡೂ ಬಾಗಿಲಿದ್ದ ಹಾಗೆ. ಒಂದು ತೆರೆದರೂ ಧೂಳು, ನೀರು ಒಳಗೆ ಹೋಗುತ್ತೆ.

ಪರೀಕ್ಷೆಗೆ ಯಾವ ಮೆಕ್ಯಾನಿಕ್ಕೂ ಬೇಡ. ಲೋಡ್ ಇಟ್ಟುಕೊಂಡು ಐದಾರು ಕಿಲೋಮೀಟರ್ ಹೋದ ಮೇಲೆ, ಆದಷ್ಟು ಬ್ರೇಕ್ ಹಿಡಿಯದೆ ನಿಲ್ಲಿಸಿ, ಎಲ್ಲಾ ಹಬ್‌ಗಳ ಹತ್ತಿರ ಕೈಯ ಹಿಂಬದಿ ತನ್ನಿ. ಶಾಖ ಹೊಡೆಯದಿದ್ದರೆ ಮಾತ್ರ ಮುಟ್ಟಿ. ಬೆಚ್ಚಗಿರೋದು ಸಹಜ. ಐದು ಸೆಕೆಂಡು ಕೈ ಇಡೋಕೆ ಆಗಲ್ಲ ಅಂದ್ರೆ ಸುಮಾರು 60 ಡಿಗ್ರಿ ದಾಟಿದೆ. ನೀರು ಚಿಮುಕಿಸಿದರೆ ಚುರ್ರ್ ಅಂದ್ರೆ 100 ದಾಟಿದೆ, ಅಲ್ಲಿಂದ ಮುಂದೆ ಹೋಗಬೇಡಿ. ಆದರೆ ಮುಖ್ಯ ಇರೋದು ಒಂದು ಹಬ್ಬಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಲ್ಲಿ. ಗನ್ ಥರ್ಮಾಮೀಟರ್‌ನಲ್ಲಿ ಒಂದು 45, ಇನ್ನೊಂದು 75 ತೋರಿಸಿದರೆ 75ರದ್ದನ್ನು ಬಿಚ್ಚಲೇಬೇಕು. ಎಲ್ಲವೂ ಒಂದೇ ಸಮ ಹೆಚ್ಚು ಬಿಸಿಯಾಗಿದ್ದರೆ ಲೋಡ್ ಜಾಸ್ತಿಯಾಗಿದೆ ಅಂತ ಮೊದಲು ಅನುಮಾನ ಪಡಿ.

ಶಾಖ ಎಲ್ಲಿದೆ ಅನ್ನೋದನ್ನೂ ಗಮನಿಸಿ. ಮಧ್ಯದ ಕ್ಯಾಪ್ ಸುತ್ತ ಬಿಸಿ ಇದ್ದರೆ ತೊಂದರೆ ಬೇರಿಂಗ್‌ನದ್ದು. ಬ್ರೇಕ್ ಇರುವ ಟ್ರೇಲರಿನಲ್ಲಿ ಡ್ರಮ್ ಸುಡ್ತಾ ಇದ್ದು ಕ್ಯಾಪ್ ಅಷ್ಟಾಗಿ ಬಿಸಿ ಇಲ್ಲ, ಸುಟ್ಟ ವಾಸನೆ ಬರ್ತಿದೆ ಅಂದ್ರೆ ಬ್ರೇಕ್ ಶೂ ಕಚ್ಚಿಕೊಂಡಿದೆ. ಆಗ ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ.

ಇನ್ನು ಕ್ಯಾಪ್. ಇದನ್ನು ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಂಡವರೇ ಜಾಸ್ತಿ. ಬಿದ್ದುಹೋದರೆ ಬಟ್ಟೆ ತುರುಕೋದು, ಪ್ಲಾಸ್ಟಿಕ್ ಕವರ್ ಕಟ್ಟೋದು ನಡೆಯುತ್ತೆ. ಆ ಬಟ್ಟೆ ಗ್ರೀಸನ್ನೇ ಹೀರಿಕೊಳ್ಳುತ್ತೆ. ಕ್ಯಾಪ್ ಹೇಗೆ ಹಾಳಾಗಿದೆ ಅನ್ನೋದರಲ್ಲೇ ಕಾರಣ ಕಾಣುತ್ತೆ. ಹೊರಗಿನಿಂದ ಒಳಕ್ಕೆ ತಗ್ಗಾಗಿದ್ದರೆ ಅದು ಸುತ್ತಿಗೆ ಏಟು, ಇಲ್ಲವೇ ಗೇಟಿಗೆ, ಬದುವಿಗೆ ತಗಲಿದ್ದು. ಒಳಬದಿಯಲ್ಲಿ ಉಂಗುರದ ಹಾಗೆ ಉಜ್ಜಿದ ಗೆರೆ ಇದ್ದರೆ ಸ್ಪ್ಲಿಟ್ ಪಿನ್ ತುದಿ ಸರಿಯಾಗಿ ಮಡಚಿಲ್ಲ, ಅಥವಾ ಬೇರಿಂಗ್ ಸವೆದು ಹಬ್ಬೇ ಓಲಾಡ್ತಿದೆ. ಕ್ಯಾಪ್ ಸುತ್ತ ಗ್ರೀಸ್ ಸಿಡಿದಿದ್ದರೆ ಹೆಚ್ಚು ತುಂಬಿರಬಹುದು, ಇಲ್ಲವೇ ಬಿಸಿಗೆ ಕರಗಿ ಹೊರಬಂದಿದೆ. ರಿಮ್ಮಿನ ಒಳಬದಿಗೆ ಗ್ರೀಸ್ ಬಂದಿದ್ದರೆ ಮಾತ್ರ ಕ್ಯಾಪನ್ನು ಬೈಯಬೇಡಿ, ಅದು ಸೀಲ್ ಹೋಗಿರೋದು. ಹೊಸ ಕ್ಯಾಪ್ ಕೂರಿಸುವಾಗ ಮಧ್ಯಕ್ಕೆ ಹೊಡೆಯದೆ, ಅಂಚಿಗೆ ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಗೆ ತಟ್ಟಿ.

ಬಿಚ್ಚುವ ಮುಂಚೆ ಲೋಡ್ ಇಳಿಸಿ, ಸಮತಟ್ಟು ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕ್ ಏರಿಸಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಕ್ ಅಂದ್ರೆ ಸಡಿಲ. ಕೈಯಲ್ಲಿ ತಿರುಗಿಸಿ, ಗರಗರ ಅಂದ್ರೆ ಬೇರಿಂಗ್ ತಿಂದುಹೋಗಿದೆ, ಬಿಗಿಯಾಗಿ ಬೇಗ ನಿಂತರೆ ನಟ್ಟು ಅತಿಯಾಗಿ ಬಿಗಿದಿದೆ. ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಹೋಗಿದೆ. ಹೊಳೆಯುವ ಪುಡಿ ಇದ್ದರೆ ಉಕ್ಕು ಸವೆಯುತ್ತಿದೆ. ರೋಲರ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಆ ಬೇರಿಂಗ್ ಮುಗೀತು, ಹೊರಗಿನ ಕಪ್ ಸಮೇತ ಬದಲಿಸಿ.

ಗ್ರೀಸ್ ವಿಷಯದಲ್ಲಿ ಜಿಪುಣತನ ಬೇಡ. ಮಾಮೂಲಿ ಕ್ಯಾಲ್ಸಿಯಂ ಗ್ರೀಸ್ 100 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ, ಲಿಥಿಯಂ ಗ್ರೀಸ್ ಸುಮಾರು 180ರವರೆಗೆ ತಡೆಯುತ್ತೆ. ಹಳೆಯದನ್ನು ಪೂರ್ತಿ ತೊಳೆದು ಒರೆಸಿಯೇ ಹೊಸದು ಹಾಕಿ. ರೋಲರ್‌ಗಳ ಸಂದಿಗೆ ಅಂಗೈಯಿಂದ ಒತ್ತಿ ತುಂಬಬೇಕು, ಹಬ್ಬಿನ ಖಾಲಿ ಜಾಗಕ್ಕೆ ಅರ್ಧಕ್ಕಿಂತ ಹೆಚ್ಚು ಬೇಡ. ಚಕ್ರ ತಿರುಗಿಸ್ತಾ ನಟ್ಟು ಬಿಗಿ ಮಾಡಿ, ಸ್ವಲ್ಪ ಹಿಡಿತ ಬಂದ ಮೇಲೆ ಕಾಲು ಸುತ್ತಿನೊಳಗೆ ಹಿಂದಕ್ಕೆ ಬಿಟ್ಟು, ತೂತು ಸರಿಹೊಂದಿದ ಕಡೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೇ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕೋದು, ಅದರ ಜಾಗಕ್ಕೆ ಮೊಳೆ ತುರುಕೋದು ಎರಡೂ ಬೇಡ.

ದಾರಿಯಲ್ಲಿ ಹಬ್ ಸುಡ್ತಾ ಇದ್ದರೆ ಕೊಡದಲ್ಲಿ ನೀರು ಸುರಿಯುವ ಆತುರ ಎಲ್ಲರಿಗೂ ಬರುತ್ತೆ. ಹಾಗೆ ಮಾಡಿದರೆ ಒಳಗಿನ ಬಿಸಿ ಗಾಳಿ ಒಮ್ಮೆಲೇ ಕುಗ್ಗಿ, ಸೀಲ್ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತೆ, ಎರಕದ ಡ್ರಮ್ ಬಿರುಕು ಬಿಡಲೂಬಹುದು. ಕೆಲಸ ಮುಗಿಸಿ ನೇರ ಕಾಲುವೆಗೆ ಇಳಿಸಿ ಟ್ರೇಲರ್ ತೊಳೆದರೂ ಇದೇ ಕಥೆ. ನೆರಳಿನಲ್ಲಿ ನಿಲ್ಲಿಸಿ, ತಾನಾಗಿ ಆರಲಿ. ಲೋಡ್ ಬೇರೆ ಗಾಡಿಗೆ ಹಾಕಿ, ಖಾಲಿ ಟ್ರೇಲರನ್ನು ಹತ್ತಿರದ ಗ್ಯಾರೇಜಿಗೆ ನಿಧಾನಕ್ಕೆ ಒಯ್ಯಿರಿ. ಚಕ್ರ ಓಲಾಡ್ತಿದ್ದರೆ ಅದೂ ಬೇಡ, ಮೆಕ್ಯಾನಿಕ್ಕನ್ನೇ ಅಲ್ಲಿಗೆ ಕರೆಸಿ.